ಕುರ್ಚಿ ಕೊಟ್ಟರು, ಬೀಗದ ಕೈ ಕೊಡಲಿಲ್ಲ

ಊರ ಸಮಾರಾಧನೆಯಲ್ಲಿ ನಮ್ಮವರದು ಕೊನೆಯ ಪಂಕ್ತಿ. ಎಲೆ ಹಾಕಿ ಕೂರಿಸುತ್ತಾರೆ, ಸರಿ. ಅಷ್ಟೊತ್ತಿಗೆ ಪಾಯಸದ ಹಂಡೆ ಬೋರಲು ಬಿದ್ದಿರುತ್ತದೆ. "ಕೂತ್ಕಂಡ್ರಲ್ಲ, ಇನ್ನೆಂತ ಬೇಕ್?" ಅಂತ ಕೇಳುವವರಿಗೆ ನಾಚಿಕೆಯಿಲ್ಲ. ಓಟಿನ ಪಂಕ್ತಿಯಲ್ಲೂ ಇದೇ ನಡೆದಿದೆ ಅಂತ ಹೇಳುವುದಕ್ಕೇ ಈ ಮಾತು.

ನಮ್ಮ ಕಡೆಯ ಒಂದು ಗ್ರಾಮ ಪಂಚಾಯತಿ. ಊರ ಹೆಸರು ಬೇಡ, ಅಂಥ ಊರು ಎಲ್ಲ ಕಡೆ ಇದೆ. ನಮ್ಮ ಕೇರಿಯ ಅಕ್ಕ ಅಧ್ಯಕ್ಷೆಯಾದಳು. ಹೋಗಿ ನೋಡಿದರೆ ಹಳಬರು ಚುನಾವಣೆಗೆ ಮುಂಚೆ ಕೊನೆಯ ಸಭೆ ಕರೆದು ವರ್ಷದ ಕ್ರಿಯಾಯೋಜನೆಯನ್ನೆಲ್ಲ ಮುಗಿಸಿಟ್ಟಿದ್ದರು. ಎಲ್ಲಿ ಚರಂಡಿ, ಯಾರ ಮನೆ ಮುಂದೆ ಕಾಂಕ್ರೀಟು, ಎಲ್ಲ ನಿರ್ಣಯವಾಗಿತ್ತು. ಕೇರಿಯ ಬಾವಿಗೆ ಒಂದು ರೂಪಾಯಿ ಇಲ್ಲ. ಅಕ್ಕನಿಗೆ ಉಳಿದದ್ದು ಚೆಕ್ಕಿಗೆ ಸಹಿ ಹಾಕುವ ಕೆಲಸ. ಸೋತವರು ಆಳುತ್ತಿದ್ದರು, ಗೆದ್ದವಳು ಸಹಿ ಹಾಕುತ್ತಿದ್ದಳು!

ದೊಡ್ಡಣ್ಣ ಅಮೆರಿಕದಲ್ಲೂ ಈ ವಿದ್ಯೆ ಇದೆ. 2016ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಗವರ್ನರ್ ಹುದ್ದೆ ಎದುರು ಪಕ್ಷದ ಪಾಲಾದ ಕೂಡಲೇ ಅಲ್ಲಿನ ಶಾಸನಸಭೆ ಸೇರಿ, ಹೊಸಬ ತನ್ನವರನ್ನು ನೇಮಿಸಬಹುದಾದ ಹುದ್ದೆಗಳನ್ನು 1,500ರಿಂದ 425ಕ್ಕೆ ಇಳಿಸಿತು. 2018ರ ಡಿಸೆಂಬರಿನಲ್ಲಿ ವಿಸ್ಕಾನ್ಸಿನ್ನಿನವರು ರಾತ್ರಿಯೆಲ್ಲ ಎಚ್ಚರವಿದ್ದು, ಗೆದ್ದು ಬರುವ ಗವರ್ನರನ ಕೈ ಕಟ್ಟಿದರು. ಸೋತ ಗವರ್ನರನೇ ಅದಕ್ಕೆ ಸಹಿ ಹಾಕಿದ. ಆದರೂ ಅವರು ಸದನದಲ್ಲಿ ಕೂತು, ಜನರೆದುರು ಕೈ ಎತ್ತಬೇಕಾಯಿತು. ನಮ್ಮಲ್ಲಿ ಅಷ್ಟು ಕಷ್ಟವೂ ಬೇಡ. ಒಂದು ಕಡತ ಸಾಕು.

ಅದೇ 2018ರ ಆಗಸ್ಟಿನಲ್ಲಿ ನಮ್ಮ ಕುಂದಾಪುರ ಪುರಸಭೆಗೆ ಚುನಾವಣೆ ಆಯಿತು. ಜನ ಓಟು ಹಾಕಿದರು, ಸದಸ್ಯರು ಗೆದ್ದರು, ಪಟಾಕಿ ಹೊಡೆದರು. ಆಮೇಲೆ? ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಬದಲಾಯಿತು, ಕೋರ್ಟಿಗೆ ಹೋಯಿತು, ಬೆಂಗಳೂರಿನಲ್ಲಿ ಸರ್ಕಾರವೇ ಬದಲಾಯಿತು. ಅಧ್ಯಕ್ಷರ ಕುರ್ಚಿ ತುಂಬಿದ್ದು 2020ರ ನವೆಂಬರಿನಲ್ಲಿ. ಎರಡು ವರ್ಷಕ್ಕೂ ಮೀರಿ ಆಡಳಿತಾಧಿಕಾರಿಯದೇ ದರ್ಬಾರು. ಮೊದಲ 30 ತಿಂಗಳು ಮುಗಿದ ಮೇಲೆ ಮತ್ತದೇ ಕತೆ. ಎರಡನೇ ಅವಧಿಯ ಪಟ್ಟಿ ಬಂದದ್ದು 2024ರ ಆಗಸ್ಟಿಗೆ. ಬಾಯಿಗೆ ಬಂದವರೆಲ್ಲ "ಮೀಸಲಾತಿಯಿಂದ ಹೀಗಾಯ್ತು ಮಾರಾಯ್ರೆ" ಅಂದರು. ಪಟ್ಟಿ ಮಾಡಿದ ಕೈಯನ್ನು ಯಾರೂ ಕೇಳಲಿಲ್ಲ. ತಪ್ಪು ಮಾಡುವವರು ಅವರು, ಬೈಗುಳ ನಮಗೆ!

ಇದರ ಬೇರು ಹಳೆಯದು. ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ ಬಂದವು. ಪರಿಷತ್ ಅಧ್ಯಕ್ಷನಿಗೆ ರಾಜ್ಯ ಸಚಿವರ ದರ್ಜೆ. ಐಎಎಸ್ ಅಧಿಕಾರಿ ಅವನ ಕೈಕೆಳಗೆ. ಎಂಎಲ್‌ಎಗಳಿಗೆ ಇದು ನುಂಗಲಾರದ ತುತ್ತು. 1989ರಲ್ಲಿ ಸರ್ಕಾರ ಬದಲಾಯಿತು, 1992ರಲ್ಲಿ ಅವಧಿ ಮುಗಿಯಿತು, ಚುನಾವಣೆಯ ಬದಲು ಆಡಳಿತಾಧಿಕಾರಿ ಬಂದ. 1993ರ ಹೊಸ ಕಾಯ್ದೆಯಲ್ಲಿ ಅಧ್ಯಕ್ಷ ಸ್ಥಾನವೂ ದಲಿತರಿಗೆ, ಹೆಂಗಸರಿಗೆ ಮೀಸಲಾಯಿತು. ಒಳ್ಳೆಯದೇ. ಆದರೆ ಹಳೆಯ ಪರಿಷತ್ ಅಧ್ಯಕ್ಷನ ಆ ಗತ್ತು, ಆ ಬಲ ಎಲ್ಲಿ ಹೋಯಿತು? ನಾವು ಕೂರುವ ಹೊತ್ತಿಗೇ ಕುರ್ಚಿಯ ಕಾಲು ಗಿಡ್ಡವಾದದ್ದು ಕಾಕತಾಳೀಯ ಅಂತ ನಂಬುವಷ್ಟು ನಾವು ಪೆದ್ದರಲ್ಲ.

ಬೈಂದೂರು, ಬ್ರಹ್ಮಾವರ ತಾಲೂಕಾದದ್ದು 2018ರಲ್ಲಿ. ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ಚುನಾವಣೆ ಆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಗ ಆಳುತ್ತಿದ್ದ ಬಿಜೆಪಿ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗದ ಕೈಯಿಂದ ಕಿತ್ತು ಬೇರೊಂದು ಆಯೋಗಕ್ಕೆ ಕೊಟ್ಟಿತು. 2023ರಲ್ಲಿ ಕಾಂಗ್ರೆಸ್ ಬಂತು. 2024 ಮುಗಿದರೂ ಚುನಾವಣೆ ಬರಲಿಲ್ಲ. ತಾಲೂಕು ಕಚೇರಿಗೆ ಬೋರ್ಡು ಬಂತು, ತಾಲೂಕು ಪಂಚಾಯತಿಗೆ ಓಟು ಬರಲಿಲ್ಲ. ಮೇಷ್ಟರುಗಳೇ, ಬೈಂದೂರಿನ ಹುಡುಗನೊಬ್ಬ ಪೌರನೀತಿಯ ಪಾಠದ ನಡುವೆ ಎದ್ದು "ನಮ್ಮ ತಾಲೂಕು ಪಂಚಾಯತಿ ಅಧ್ಯಕ್ಷರು ಯಾರು ಸಾರ್?" ಅಂದರೆ ಏನು ಹೇಳುತ್ತೀರಿ?

ಗ್ರಾಮ ಪಂಚಾಯತಿಯಲ್ಲಾದರೂ ನಮ್ಮ ಕೈಗೆ ಎಟುಕುವ ಒಂದು ವಸ್ತು ಇದೆ, ನಡಾವಳಿ ಪುಸ್ತಕ. ಚುನಾವಣೆಗೆ ಮುಂಚಿನ ಕೊನೆಯ ಸಭೆಯ ಪುಟಗಳನ್ನು ಕೇಳಿ ತೆಗೆಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಅಕ್ಕ ಅದನ್ನೇ ಮಾಡಿದಳು. ಓದಲು ಬಾರದವಳು ಅಂತ ಅವರೆಲ್ಲ ನಿಶ್ಚಿಂತೆಯಿಂದ ಇದ್ದರು. ಅವಳು ಬಿಎ ಕಟ್ಟಿದ್ದ ತಮ್ಮನನ್ನು ಕರಕೊಂಡು ಬಂದು ಮೇಜಿನ ಮುಂದೆ ನಿಂತಳು. "ಪುಸ್ತಕ ತನ್ನಿ, ಕಾಂಬ."