ಅಗ್ಗದ ಟೆಂಡರಿನ ಬೆಲೆ ತೆರುವವರಾರು?

1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣಗಳೂ ಮೇಲ್ಸೇತುವೆಗಳೂ ಎದ್ದು ನಿಂತವು. ಕಟ್ಟಿಸಿದವರು ಸರ್ಕಾರಿ ಸಂಸ್ಥೆಗಳು. ಕಟ್ಟಿದವರು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳಿಂದ ಬಂದ ಕೂಲಿಕಾರರು. ಅಂದಿನ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅವರನ್ನು ಊರಿನಿಂದ ಕರೆತಂದ ಜಮಾದಾರನು ಅದರಲ್ಲಿ ತಲೆಗೊಂದು ರೂಪಾಯಿ ಮುರಿದುಕೊಳ್ಳುತ್ತಿದ್ದನು. ಇದನ್ನು ಕುರಿತು ಬಂದ ಪತ್ರವೊಂದನ್ನೇ ಸರ್ವೋಚ್ಚ ನ್ಯಾಯಾಲಯವು ಅರ್ಜಿಯಾಗಿ ಸ್ವೀಕರಿಸಿತು. ಸರ್ಕಾರದ ಕಡೆಯವರ ವಾದವೇನು? ಇವರು ಗುತ್ತಿಗೆದಾರರ ಆಳುಗಳು, ನಮ್ಮವರಲ್ಲ! ಪಿಲಾತನು ಕೈತೊಳೆದ ನೀರು ಇನ್ನೂ ಬತ್ತಿಲ್ಲ.

ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿದ್ದ ಪೀಠವು ಇದನ್ನು ಒಪ್ಪಲಿಲ್ಲ. ಹಸಿವಿಗಂಜಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಗುತ್ತಿಗೆದಾರನ ಹೆಸರು ಹೇಳಿ ಸರ್ಕಾರವು ಹೊಣೆ ಜಾರಿಸುವಂತಿಲ್ಲ ಎಂದಿತು.

ಆದರೂ ಸರ್ಕಾರ ಕೊಳ್ಳುವ ಬಗೆ ಬದಲಾಯಿತೇ? ನಮ್ಮ ರಾಜ್ಯದ 1999ರ ಪಾರದರ್ಶಕತಾ ಕಾಯಿದೆಯು ಪರಿಶೀಲನೆಯ ನಂತರ ಅತಿ ಕಡಿಮೆ ದರದ ಟೆಂಡರನ್ನು ಒಪ್ಪಬೇಕೆನ್ನುತ್ತದೆ. ಲಂಚವನ್ನು ತಡೆಯಲು ಅದು ಬೇಕು, ನಿಜ. ಆದರೆ ಸಿಮೆಂಟು, ಕಬ್ಬಿಣಗಳ ಬೆಲೆ ಯಾರಿಗೂ ಬಗ್ಗುವುದಿಲ್ಲ. ಬಗ್ಗುವುದು ಕೂಲಿಯೊಂದೇ. ಗುತ್ತಿಗೆದಾರನಿಂದ ಒಳಗುತ್ತಿಗೆದಾರನಿಗೆ, ಅವನಿಂದ ಮೇಸ್ತ್ರಿಗೆ ಕೆಲಸ ಕೈಬದಲಾಗುತ್ತದೆ. ಪ್ರತಿಯೊಬ್ಬನೂ ತನ್ನ ಪಾಲು ಮುರಿದುಕೊಳ್ಳುತ್ತಾನೆ. ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳ ಗತಿ ಇನ್ನೂ ಕಠೋರ. ಅಲ್ಲಿ ಮಳೆಗಾಲದ ಬರಿಗೈಯಲ್ಲಿ ಪಡೆದ ಮುಂಗಡವೇ ಸಂಕೋಲೆ. ಅದು ತೀರುವತನಕ ಗಂಡ, ಹೆಂಡತಿ, ಮಕ್ಕಳು ಗೂಡು ಬಿಟ್ಟು ಕದಲುವಂತಿಲ್ಲ. ಇಂಥ ಸಾಲವನ್ನು 1976ರ ಜೀತ ನಿರ್ಮೂಲನ ಕಾಯಿದೆಯೇ ರದ್ದುಮಾಡಿದೆ. ಆದರೆ ಸರ್ಕಾರಿ ಶಾಲೆಯ ಗೋಡೆಗೆ ಬಂದ ಇಟ್ಟಿಗೆಯನ್ನು ಅಳತೆ ಮಾಡುವ ಇಂಜಿನಿಯರು ಅದರ ಗಟ್ಟಿತನವನ್ನು ಪರೀಕ್ಷಿಸುತ್ತಾರೆಯೇ ಹೊರತು ಅದನ್ನು ಸುಟ್ಟವರಾರೆಂದು ಕೇಳುವುದಿಲ್ಲ.

ಕೂಲಿಯನ್ನು ತಡೆಹಿಡಿದರೆ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಯಕೋಬನು ತನ್ನ ಪತ್ರದ 5ನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದಾನೆ. ಜಗದ್ಗುರು ಫ್ರಾನ್ಸಿಸರು 2015ರ ವಿಶ್ವಶಾಂತಿ ದಿನದ ಸಂದೇಶವನ್ನು ಇಂದಿನ ಗುಲಾಮಗಿರಿಗೇ ಮೀಸಲಿಟ್ಟರು. ಬಾಲ್ಯದಲ್ಲೇ ಅಪಹೃತಳಾಗಿ ಮಾರಾಟವಾದ ಸಂತ ಜೋಸೆಫಿನ್ ಬಖಿತಾರ ಹಬ್ಬದಂದು, ಫೆಬ್ರವರಿ 8ರಂದು, ನಾವು ಪ್ರಾರ್ಥಿಸುತ್ತೇವೆ. ಮರುದಿನ ನಮ್ಮ ಧರ್ಮಕೇಂದ್ರಗಳೂ ಸಭಾಭವನಕ್ಕೆ ಅತಿ ಕಡಿಮೆ ದರದವನನ್ನೇ ಹುಡುಕುವುದಾದರೆ, ಸರ್ಕಾರವನ್ನು ಪ್ರಶ್ನಿಸುವ ಬಾಯಿ ನಮಗೆಲ್ಲಿಂದ ಬರಬೇಕು?

ಪಾಲನಾ ಸಮಿತಿಯ ಸದಸ್ಯರೇ, ಮುಂದಿನ ಕಟ್ಟಡದ ಕರಾರಿನಲ್ಲಿ ಮೂರು ಷರತ್ತುಗಳಿರಲಿ: ಕೂಲಿ ನೇರವಾಗಿ ದುಡಿದವರ ಕೈಗೇ ಸೇರಬೇಕು, ಕೂಲಿಪಟ್ಟಿ ಸಮಿತಿಯ ಮುಂದೆ ಬರಬೇಕು, ಇಟ್ಟಿಗೆ, ಜಲ್ಲಿ ಬಂದ ಸ್ಥಳವನ್ನು ಇಬ್ಬರು ಸದಸ್ಯರು ಹೋಗಿ ನೋಡಬೇಕು. ಅಂದಾಜುಪಟ್ಟಿ ಒಂದಿಷ್ಟು ಏರುತ್ತದೆ. ಏರಲಿ. ಅದೇ ಕರಾರಿನ ಪ್ರತಿಯನ್ನು ನಿಮ್ಮ ಗ್ರಾಮ ಪಂಚಾಯಿತಿಗೂ ಒಯ್ದು ಕೊಡಿರಿ.