ಸುಟ್ಟ ಕೋಳಿ: ಪೇಟೆಯದೋ, ಹಿತ್ತಿಲಿನದೋ?

ಸಂಜೆಯಾಯಿತೆಂದರೆ ಮಲೆನಾಡಿನ ಪೇಟೆಗಳ ಗಾಜಿನ ಪೆಟ್ಟಿಗೆಗಳೊಳಗೆ ಕಂಬಿಗೆ ಸಿಕ್ಕಿಸಿದ ಕೋಳಿಗಳು ತಿರುಗತೊಡಗುತ್ತವೆ. ಊರಿನ ಕೊನೆಯ ಬಸ್ಸಿಗೆ ಕಾದವರು ಒಂದನ್ನು ಕಟ್ಟಿಸಿಕೊಂಡು ಹೊರಡುತ್ತಾರೆ. ಮನೆಯಲ್ಲಿ ಪುಕ್ಕ ಕೀಳುವ, ಮಸಾಲೆ ಅರೆಯುವ, ಒಲೆ ಊದುವ ಕೆಲಸ ತಪ್ಪುತ್ತದೆ. ಇದನ್ನು ಸೋಮಾರಿತನವೆಂದು ಹಳಿಯುವುದು ನ್ಯಾಯವಲ್ಲ. ದಿನವಿಡೀ ತೋಟದಲ್ಲಿ ದುಡಿದು ಬಂದ ಹೆಂಗಸೇ ಮತ್ತೆ ಹೊಗೆಗೆ ಮುಖವೊಡ್ಡಬೇಕಾದ ಮನೆಗಳು ನಮ್ಮಲ್ಲಿ ಹೆಚ್ಚು. ಆದರೆ ಆ ಕೋಳಿ ಏನನ್ನು ತಿಂದು ಬೆಳೆಯಿತು, ಏನನ್ನು ಉಳಿಸಿ ಹೋಯಿತು ಎಂದು ಕೇಳಲೇಬೇಕಾಗಿದೆ.

ಪೇಟೆಯ ಬ್ರಾಯ್ಲರ್ ಕೋಳಿ ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುತ್ತದೆ. ಹಾರ್ಮೋನ್ ಚುಚ್ಚುಮದ್ದೇ ಇದಕ್ಕೆ ಕಾರಣವೆಂಬ ಊರಮಾತು ನಿಜವಲ್ಲ. ತಳಿಯ ಆಯ್ಕೆ ಮತ್ತು ಸತ್ವಭರಿತ ಆಹಾರ ಇದರ ಗುಟ್ಟು. ಆ ಆಹಾರದಲ್ಲಿ ಬಹುಪಾಲು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ದಾವಣಗೆರೆ, ಹಾವೇರಿಗಳ ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬಿರುವುದರ ಹಿಂದೆ ಈ ಬೇಡಿಕೆಯೂ ಇದೆ. ಒತ್ತೊತ್ತಾಗಿ ಸಾಕುವಲ್ಲಿ ಆಂಟಿಬಯಾಟಿಕ್ ಔಷಧಗಳ ಬಳಕೆಯೂ ಸೇರಿಕೊಂಡಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಪಶು, ಕೋಳಿ, ಮೀನು ಸಾಕಣೆಗೆ ಬಳಸದಂತೆ ಕೇಂದ್ರ ಸರ್ಕಾರವು 2019ರಲ್ಲಿ ನಿಷೇಧಿಸಬೇಕಾಯಿತು. ಇನ್ನು ಕೋಳಿಯನ್ನು ಕಟ್ಟಿಕೊಟ್ಟ ಮಿರುಗುವ ಚೀಲ ಮಳೆಗಾಲದಲ್ಲಿ ಹಳ್ಳದ ಪಾಲು.

ಹಿತ್ತಿಲಿನ ನಾಟಿ ಕೋಳಿ ಬೆಳೆಯಲು ಐದಾರು ತಿಂಗಳು ಬೇಕು. ಗೆದ್ದಲು, ಹುಳು, ಕಣದಲ್ಲಿ ಚೆಲ್ಲಿದ ಭತ್ತ ಅದರ ಆಹಾರ. ಮಾಂಸ ಗಟ್ಟಿಯಾದ್ದರಿಂದ ನೇರವಾಗಿ ಉರಿಗೆ ಹಿಡಿದರೆ ನಾರಾಗುತ್ತದೆ. ಉಪ್ಪು, ಅರಿಶಿನ, ಕಾಳುಮೆಣಸು ಹಚ್ಚಿ, ಮುಚ್ಚಿದ ಪಾತ್ರೆಯಲ್ಲಿ ಮುಕ್ಕಾಲು ಬೇಯಿಸಿ, ಬಳಿಕ ಕೆಂಡದ ಮೇಲೆ ಸುಡಬೇಕು. ಬೇಯಿಸಿದ ನೀರು ಸಾರಿಗಾಯಿತು. ಕೆಂಡಕ್ಕೆ ತೆಂಗಿನ ಕರಟ, ತೋಟದಲ್ಲಿ ಸವರಿದ ರೆಂಬೆಗಳು ಸಾಕು. ಕಾಡಿನ ಹಸಿಮರ ಕಡಿದು ಮನೆಯಲ್ಲಿ ಕೋಳಿ ಸುಟ್ಟರೆ ಪರಿಸರಕ್ಕೆ ಉಪಕಾರವೇನೂ ಆಗದು.

ಹಿತ್ತಿಲುಗಳು ಬರಿದಾಗುತ್ತಿರುವುದಕ್ಕೆ ಕೊಕ್ಕರೆ ರೋಗವೂ ಕಾರಣ. ಒಮ್ಮೆ ಬಂತೆಂದರೆ ಊರಿನ ಗೂಡುಗಳೇ ಖಾಲಿ. ಮೊಟ್ಟೆ ಮಾರಿ ಹೆಂಗಸರು ಕೂಡಿಡುತ್ತಿದ್ದ ಸ್ವಂತದ ಕಾಸೂ ಅದರೊಂದಿಗೇ ಹೋಗುತ್ತದೆ. ರೋಗಕ್ಕೆ ಲಸಿಕೆ ಇದೆ. ಆದರೆ ಒಂದು ಸೀಸೆಯ ಲಸಿಕೆ ನೂರು ಕೋಳಿಗಳಿಗಾಗುವಷ್ಟು. ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ನಾಲ್ಕು ಹೇಂಟೆ ಸಾಕಿದ ಒಂಟಿಮನೆಗೆ ಇದು ನಿಲುಕದು. ಹತ್ತು ಮನೆಗಳವರು ಒಂದು ದಿನ ಗೊತ್ತುಮಾಡಿ ಪಶು ಆಸ್ಪತ್ರೆಯವರನ್ನು ಕರೆದರೆ ನಿಲುಕುತ್ತದೆ. ಊರಿನ ವಿದ್ಯಾರ್ಥಿಗಳು ಕೋಳಿಗಳ ಲೆಕ್ಕ ಬರೆದು ಈ ಕೆಲಸಕ್ಕೆ ಮುಂದಾಗಬಹುದು.

ಹಿತ್ತಿಲಿಲ್ಲದವರು, ಬಿಡುವಿಲ್ಲದವರು ಪೇಟೆಯಲ್ಲಿ ಕೊಳ್ಳಲಿ. ಜೊತೆಗೊಂದು ಡಬ್ಬಿ ಒಯ್ಯಲಿ. ಹಿತ್ತಿಲಿದ್ದವರು ಹಬ್ಬಕ್ಕಾದರೂ ಮನೆಯ ಕೋಳಿಯನ್ನೇ ಸುಡಲಿ. ಆ ದಿನ ಮಸಾಲೆ ಅರೆಯಲು, ಕೆಂಡ ನೋಡಿಕೊಳ್ಳಲು ಗಂಡಸರೂ ಕೂರಲಿ.