ಹೂಳು ತುಂಬಿದ ಗಣಕಯಂತ್ರ

ಯಲಬುರ್ಗಾ ತಾಲ್ಲೂಕಿನ ಬೇವೂರಿನಂಥ ಊರುಗಳಿಗೆ ಗಣಕಯಂತ್ರ ಈಗ ಹೊಸ ವಸ್ತುವಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯು ರೈತರ ಪಹಣಿಯನ್ನು ತಾಲ್ಲೂಕು ಕಚೇರಿಯ ಗಣಕಕ್ಕೆ ಏರಿಸಿತು. ಮುಂದೆ ಪಂಚಾಯಿತಿ, ಶಾಲೆ, ಸಹಕಾರ ಸಂಘ, ಅರ್ಜಿ ತುಂಬಿಕೊಡುವ ಅಂಗಡಿಗಳಿಗೂ ಅದು ಕಾಲಿಟ್ಟಿತು. ಕಾಲಿಟ್ಟ ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಕೇಳಿಬರುವ ದೂರು ಮಾತ್ರ ಒಂದೇ: ಡಿಸ್ಕ್ ತುಂಬಿದೆ, ಯಂತ್ರ ಮುಂದಕ್ಕೆ ಹೋಗುತ್ತಿಲ್ಲ. ಅದರ ಬೆನ್ನಿಗೇ ಬರುವ ಸಲಹೆಯೂ ಒಂದೇ: ‘ಇದು ಹಳೆಯದಾಯಿತು, ಹೊಸದನ್ನು ಕೊಳ್ಳಿ.’ ಈ ಸಲಹೆ ಬಹಳಷ್ಟು ಸಂದರ್ಭಗಳಲ್ಲಿ ತಪ್ಪು. ಪರಿಸರದ ದೃಷ್ಟಿಯಿಂದ ದುಬಾರಿಯೂ ಹೌದು.

ಕೊಪ್ಪಳ ಸೀಮೆಯ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಆ ಸಾಮರ್ಥ್ಯ ಇಂದು ಸುಮಾರು 105 ಟಿಎಂಸಿಗೆ ಇಳಿದಿದೆ. ಕೆರೆ ತುಂಬಿದಂತೆ ಕಂಡರೂ ತುಂಬಿದ್ದು ನೀರೋ ಹೂಳೋ ಎಂದು ನೋಡುವುದು ಇಲ್ಲಿನ ಹಳೆಯ ವಿವೇಕ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರು ಹಿರೇಹಳ್ಳಕ್ಕೆ ಇಳಿದು ಸ್ವಚ್ಛಗೊಳಿಸಿದ್ದು ಇದೇ ವಿವೇಕದಿಂದ. ಗಣಕದ ಡಿಸ್ಕಿಗೂ ಅದೇ ಕಣ್ಣು ಬೇಕು.

ಡಿಸ್ಕಿನ ಹೂಳು ಯಾವುದು? ಬರಹವಂತೂ ಅಲ್ಲ. ಯೂನಿಕೋಡ್ ಬರಹದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಆ ಲೆಕ್ಕದಲ್ಲಿ ಮುನ್ನೂರು ಪುಟದ ಒಂದು ಗ್ರಂಥದ ಪಠ್ಯ ಒಂದೆರಡು ಮೆಗಾಬೈಟಿನಲ್ಲಿ ಮುಗಿಯುತ್ತದೆ. ಮೊಬೈಲಿನಲ್ಲಿ ತೆಗೆದ ಒಂದೇ ಚಿತ್ರ ಅದಕ್ಕಿಂತ ಹೆಚ್ಚು ಜಾಗ ನುಂಗುತ್ತದೆ. ಕೆಲವು ನಿಮಿಷಗಳ ವಿಡಿಯೊ ಇಡೀ ಗ್ರಂಥಾಲಯದ ಜಾಗವನ್ನೇ ಕಬಳಿಸುತ್ತದೆ. ಒಂದೇ ಚಿತ್ರದ ನಾಲ್ಕು ಪ್ರತಿಗಳು, ವಾಟ್ಸ್‌ಆ್ಯಪ್‌ನಿಂದ ತಾನಾಗಿ ಇಳಿದ ಶುಭೋದಯದ ಸಂದೇಶಗಳು, ಡೌನ್‌ಲೋಡ್ ಕೋಶದಲ್ಲಿ ಮರೆತುಹೋದ ಕಡತಗಳು, ವಿಂಡೋಸ್ ನವೀಕರಣದ ಬಳಿಕ ಉಳಿದ ಹಳೆಯ ಆವೃತ್ತಿ, ತಾತ್ಕಾಲಿಕ ಕಡತಗಳು: ಇವೇ ಹೂಳು.

ಇದನ್ನು ತೆಗೆಯಲು ಹಣ ಕೊಟ್ಟು ತಂತ್ರಾಂಶ ಕೊಳ್ಳಬೇಕಿಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿರುವ ಸ್ಟೋರೇಜ್ ಪುಟವು ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ತೋರಿಸುತ್ತದೆ. ತಾತ್ಕಾಲಿಕ ಕಡತಗಳನ್ನೂ ಹಳೆಯ ಆವೃತ್ತಿಯನ್ನೂ ಅಲ್ಲಿಂದಲೇ ಅಳಿಸಬಹುದು; ಆದರೆ ಗುರುತು ಹಾಕುವ ಮುನ್ನ ಪಟ್ಟಿಯನ್ನು ಓದಬೇಕು, ಡೌನ್‌ಲೋಡ್ ಕೋಶವೂ ಆ ಪಟ್ಟಿಯಲ್ಲಿ ಇರುತ್ತದೆ. ಕೋಶಗಳನ್ನು ತೆರೆದು ನಾವೇ ಅಳಿಸಿದ ಕಡತಗಳು ಸಾಮಾನ್ಯವಾಗಿ ಮೊದಲು ಹೋಗುವುದು ರೀಸೈಕಲ್ ಬಿನ್ನಿಗೆ. ಅದನ್ನು ಬರಿದು ಮಾಡದಿದ್ದರೆ, ಹೂಳನ್ನು ಕೆರೆಯ ಅಂಗಳದಲ್ಲೇ ಗುಡ್ಡೆ ಹಾಕಿದಂತೆ. ಜಾಗ ಒಂದಿಷ್ಟೂ ತೆರವಾಗದು. ಡಿಸ್ಕಿನ ಹತ್ತರಲ್ಲಿ ಒಂದೆರಡು ಪಾಲು ಸದಾ ಖಾಲಿ ಇರುವುದು ಒಳಿತು. ವಿಶೇಷವಾಗಿ ಎಸ್‌ಎಸ್‌ಡಿಗಳು ಒಳಗೊಳಗೇ ದತ್ತಾಂಶವನ್ನು ಸ್ಥಳಾಂತರಿಸುತ್ತಿರುತ್ತವೆ, ಎಡೆಯಿಲ್ಲದಿದ್ದರೆ ಮಂದವಾಗುತ್ತವೆ.

ಆದರೆ ಹೂಳೆತ್ತುವ ಭರದಲ್ಲಿ ಕೆರೆಯ ತೂಬನ್ನೇ ಕಿತ್ತವರೂ ಉಂಟು. ಕನ್ನಡಿಗರಿಗೆ ಇಲ್ಲೊಂದು ವಿಶೇಷ ಅಪಾಯವಿದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಅವುಗಳ ಫಾಂಟ್ ಅನ್ನು ‘ಬೇಡದ್ದು’ ಎಂದು ತೆಗೆದುಹಾಕಿದರೆ, ಠರಾವು, ಸಂಘದ ನಡಾವಳಿ, ಊರಿನ ಚರಿತ್ರೆ ಎಲ್ಲವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಆದ್ದರಿಂದ ಮೊದಲು ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಎರಡು ಬೇರೆ ಬೇರೆ ಸಾಧನಗಳಲ್ಲಿ ಪ್ರತಿ ತೆಗೆದು, ಒಂದನ್ನು ಬೇರೊಂದು ಕಟ್ಟಡದಲ್ಲಿಡಬೇಕು. ಪ್ರತಿ ತೆರೆಯುತ್ತದೆಯೇ ಎಂದು ನೋಡಬೇಕು. ಅಳಿಸುವುದು ಆಮೇಲಿನ ಕೆಲಸ. ಬತ್ತಿಹೋದ ಬಾವಿಯ ಹಳೆಯ ಚಿತ್ರ, ಮಳೆಯ ದಿನಗಳ ಟಿಪ್ಪಣಿ, ಬಿತ್ತನೆ ಬೀಜಗಳ ಹೆಸರಿನ ಪಟ್ಟಿ ಒಮ್ಮೆ ಹೋದರೆ ಯಾವ ಪೇಟೆಯಲ್ಲಿಯೂ ಸಿಗುವಂಥವಲ್ಲ.

ಇನ್ನು, ಉಳಿಸಿಕೊಳ್ಳಲೇ ಬಾರದ ಕಡತಗಳೂ ಇವೆ. ಅರ್ಜಿ ತುಂಬಿಸಲು ಬಂದವರ ಆಧಾರ್, ಬ್ಯಾಂಕ್ ಪುಸ್ತಕ, ಪಡಿತರ ಚೀಟಿಯ ಸ್ಕ್ಯಾನ್ ಪ್ರತಿಗಳು ಕೆಲಸ ಮುಗಿದ ಮೇಲೂ ವರ್ಷಗಟ್ಟಲೆ ಅಂಗಡಿಯ ಯಂತ್ರದಲ್ಲಿ ಬಿದ್ದಿರುವುದು ಅಪರೂಪವಲ್ಲ. ಅದು ಜಾಗದ ದಂಡ ಮಾತ್ರವಲ್ಲ, ನಂಬಿ ಕೊಟ್ಟವರಿಗೆ ಬಗೆದ ಅನ್ಯಾಯ. ಯಂತ್ರವನ್ನು ಮಾರುವಾಗಲಂತೂ ಸುಮ್ಮನೆ ಡಿಲೀಟ್ ಒತ್ತಿದರೆ ಸಾಲದು. ಅಳಿಸುವುದೆಂದರೆ ಹೆಚ್ಚಿನ ಸಲ ಸೂಚಿಯಿಂದ ಹೆಸರು ತೆಗೆಯುವುದಷ್ಟೇ. ಮೇಲೆ ಬೇರೇನಾದರೂ ಬರೆಯುವವರೆಗೆ ಒಳಗಿನ ದತ್ತಾಂಶವನ್ನು ಮರಳಿ ಪಡೆಯಬಹುದು. ಡಿಸ್ಕನ್ನು ಪೂರ್ಣ ಒರೆಸಿಯೇ ಯಂತ್ರವನ್ನು ಕೈಬಿಡಬೇಕು.

‘ಡಿಸ್ಕ್ ಈಗ ಅಗ್ಗ, ಇಷ್ಟು ತಲೆನೋವೇಕೆ?’ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ನಿಜವಾದ ಕೆಲಸದ ಕಡತಗಳೇ ಜಾಗ ತುಂಬಿದ್ದರೆ ಯಂತ್ರಕ್ಕೆ ಇನ್ನೊಂದು ಡಿಸ್ಕ್ ಜೋಡಿಸುವುದೇ ಸರಿಯಾದ ದಾರಿ. ತಪ್ಪಿರುವುದು ಡಿಸ್ಕಿನ ನೆಪದಲ್ಲಿ ಇಡೀ ಯಂತ್ರವನ್ನೇ ಎಸೆಯುವುದರಲ್ಲಿ. ಲ್ಯಾಪ್‌ಟಾಪ್ ಒಂದರ ಜೀವಮಾನದ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಅದು ತಯಾರಾಗುವಾಗಲೇ ಮುಗಿದಿರುತ್ತದೆ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತು ಸೃಷ್ಟಿಸಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ವಿಧಿವತ್ತಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದು ಶೇ. 22.3 ಮಾತ್ರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಕೆಟ್ಟಿಲ್ಲದ ಯಂತ್ರಗಳನ್ನೂ ತಿಪ್ಪೆಗೆ ತಳ್ಳುವ ಒತ್ತಡ ಹೆಚ್ಚಿದೆ. ಅಂಥ ಅನೇಕ ಯಂತ್ರಗಳು ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯಬಲ್ಲವು.

ಎಲ್ಲವನ್ನೂ ಅಂತರ್ಜಾಲದ ‘ಕ್ಲೌಡ್’ಗೆ ಏರಿಸುವುದೂ ಪೂರ್ಣ ಪರಿಹಾರವಲ್ಲ. ಹೆಸರು ಮೋಡವಾದರೂ ಅದು ನಿಂತಿರುವುದು ನೆಲದ ಮೇಲೆ. ಅದನ್ನು ತಂಪಾಗಿಡಲು ಯಾವುದೋ ಊರಿನ ವಿದ್ಯುತ್ತು ಬೇಕು, ಎಷ್ಟೋ ಕಡೆ ನೀರೂ ಬೇಕು. ಇಲ್ಲಿನ ಹೂಳನ್ನು ಅಲ್ಲಿಗೆ ಸಾಗಿಸಿದರೆ ಅದು ಹೂಳಾಗಿಯೇ ಉಳಿಯುತ್ತದೆ.

ಪ್ರತಿ ಬೇಸಗೆಯಲ್ಲಿ, ಮಳೆಗಾಲಕ್ಕೆ ಮುನ್ನ ಕೆರೆ-ಕಾಲುವೆ ನೋಡುವ ಹೊತ್ತಿಗೆ, ಶಾಲೆ, ಸಂಘ, ಪಂಚಾಯಿತಿಗಳು ತಮ್ಮ ಗಣಕಗಳಿಗೂ ಒಂದು ದಿನ ಮೀಸಲಿಡಲಿ. ಏನನ್ನು ಕಾಯಬೇಕು, ಏನನ್ನು ಕಳೆಯಬೇಕು ಎಂಬುದನ್ನು ನಾಲ್ಕು ಜನ ಕೂತು ನಿರ್ಧರಿಸಲಿ. ಒಬ್ಬನೇ ಆತುರದಲ್ಲಿ ಗುಂಡಿ ಒತ್ತುವುದು ಬೇಡ. ಖರ್ಚಿಲ್ಲದ ಈ ಒಂದು ದಿನದ ಕೆಲಸದಿಂದ ಯಂತ್ರದ ಆಯುಷ್ಯವೂ ಬೆಳೆಯುತ್ತದೆ, ಊರಿನ ನೆನಪೂ ಉಳಿಯುತ್ತದೆ.